ಹಸಿರು ಫ್ರಾಕಿನ ಮೂರು ಕಾಳು

ಬ್ಲೇಡಿನ ತುದಿ ತಾಗಿದ್ದೇ ತಡ, ಹೆಮ್ಮಿಂಗಿನ ದಾರ ಸರಸರನೆ ಬಿಚ್ಚಿಕೊಂಡಿತು. ಕೂಸಿನ ಹಸಿರು ಫ್ರಾಕಿನ ಕೆಳಮಡಿಕೆಯಿಂದ ಮೂರು ಬಿಳಿಜೋಳದ ಕಾಳು ಉದುರಿ, ಕಟಿಂಗ್ ಮೇಜಿನ ಮೇಲೆ ಉರುಳಿ, ಅಮರೇಶ್ವರಿಯ ಚಹಾ ಲೋಟಕ್ಕೆ ಬಡಿದು ನಿಂತವು.

“ಇಲಿ ಇರಬೇಕ್ರಿ ಮೇಡಂ,” ಎಂದಳು ಅಮರೇಶ್ವರಿ. ಸಿಂಧನೂರಿನ ಈ ಹೊಲಿಗೆ ಘಟಕದ ಒಡತಿ ಆಕೆ. ಮೂರು ದಿನದಿಂದ ಏನು ಕೇಳಿದರೂ ಆಕೆಯ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು.

“ಇಲಿ ಬಟ್ಟಿ ಮಡಚಿ, ಒಳಗ ಕಾಳಿಟ್ಟು, ಮ್ಯಾಲೆ ಕೈಹೊಲಿಗಿನೂ ಹಾಕ್ತದೇನ್ರಿ?” ಭಾಗ್ಯಶ್ರೀ ಕಣ್ಣರಳಿಸಿದಳು. “ಅಂಥಾ ಇಲಿ ಇದ್ರ ನಾಳಿಂದನ ಕೆಲಸಕ್ಕ ಹಚ್ರಿ.”

ಹಿಂದಿನ ಸಾಲಿನ ಮಷಿನ್‌ಗಳು ನಿಂತು, ಹೆಂಗಸರು ಕಿಸಕ್ಕನೆ ನಕ್ಕರು. ಅಮರೇಶ್ವರಿಗೆ ಮಾತ್ರ ನಗು ಬರಲಿಲ್ಲ.

ಬರುವುದಾದರೂ ಹೇಗೆ? ಭಾಗ್ಯಶ್ರೀ ಬಂದಿದ್ದು ಫ್ರಾಕು ಕೊಳ್ಳಲಿಕ್ಕಲ್ಲ. ‘ತಾಯ್ನೂಲು’ ಎಂಬ ಸಂಸ್ಥೆಯ ಪರವಾಗಿ ಬಟ್ಟೆ ತಯಾರಿಸುವವರ ಒಳಹೊರಗನ್ನು ಜಾಲಾಡುವುದು ಆಕೆಯ ಕೆಲಸ. ಈ ಫ್ರಾಕುಗಳ ಕೊರಳಪಟ್ಟಿಯ ಕ್ಯೂಆರ್ ಚೀಟಿಗೆ ಫೋನು ಹಿಡಿದರೆ ಸಾಕು, ಹತ್ತಿ ಮಸ್ಕಿಯ ಯಾರ ಹೊಲದ್ದು, ನೇಯ್ದವರು ಯಾರು, ಹೊಲಿದವರು ಯಾರು ಎಂಬುದೆಲ್ಲ ಪರದೇಶದ ತಾಯಿಗೂ ಕಾಣಬೇಕು. ಪಟ್ಟಿಯಲ್ಲಿಲ್ಲದ ಒಂದು ಕೈ ತಾಗಿದ್ದು ಗೊತ್ತಾದರೂ ಘಟಕದ ಹೆಸರನ್ನು ಹೊಡೆದು ಹಾಕುತ್ತಾರೆ. ಆಮೇಲೆ ಆರ್ಡರೂ ಇಲ್ಲ, ಇಲ್ಲಿನ ನಲವತ್ತೆರಡು ಹೆಂಗಸರಿಗೆ ಕೆಲಸವೂ ಇಲ್ಲ. ವರದಿ ಶನಿವಾರ ಸಂಜೆಯೊಳಗೆ ಹೋಗಬೇಕು. ಇವತ್ತು ಗುರುವಾರ.

ಕಷ್ಟವೆಂದರೆ, ಭಾಗ್ಯಶ್ರೀಗೆ ಈ ಘಟಕದ ಮೇಲೆ ಪ್ರೀತಿ ಹುಟ್ಟಿಬಿಟ್ಟಿತ್ತು. ಗಾಳಿ ಬೆಳಕು ಚೆನ್ನಾಗಿತ್ತು. ಬಾಣಂತಿಯರಿಗೆ ಕೂಸು ಮಲಗಿಸಲು ಕೋಣೆಯಿತ್ತು, ಅದರಲ್ಲಿ ನಿಜವಾಗಿಯೂ ಎರಡು ಕೂಸು ಮಲಗಿದ್ದವು. ತಪಾಸಣೆಯ ದಿನವಷ್ಟೇ ತೊಟ್ಟಿಲು ಕಟ್ಟುವ ಮಂದಿಯನ್ನು ಆಕೆ ಬೇಕಾದಷ್ಟು ಕಂಡಿದ್ದಳು. ಇಲ್ಲಿ ಲೆಕ್ಕ ತಪ್ಪಿದ್ದು ಒಂದೇ ಕಡೆ. ಈ ಫ್ರಾಕುಗಳಿಗೆ ಕೈಯಿಂದಲೇ ಹೆಮ್ಮಿಂಗ್ ಆಗಬೇಕು. ನಲವತ್ತೆರಡು ಮಂದಿ ಊಟ ಬಿಟ್ಟು ಕೂತರೂ ದಿನಕ್ಕೆ ಇಷ್ಟು ಫ್ರಾಕು ಮುಗಿಯುವುದು ಸಾಧ್ಯವಿರಲಿಲ್ಲ.

ಇನ್ನೊಂದು ಫ್ರಾಕು ಬಿಚ್ಚಿದಳು. ಹಳದಿ. ಏನೂ ಇಲ್ಲ. ಮತ್ತೊಂದು ಹಳದಿ, ಅದರಲ್ಲೂ ಇಲ್ಲ. ಹಸಿರು ಬಿಚ್ಚಿದಳು, ಮೂರು ಕಾಳು. ಮತ್ತೊಂದು ಹಸಿರು, ಖಾಲಿ. ಇನ್ನೊಂದು ಹಸಿರು, ಮತ್ತೆ ಮೂರು.

“ಹಳದಿಯಲ್ಲಿ ಕಾಳಿಲ್ಲ. ಹಸಿರಿನಲ್ಲೂ ಕೆಲವಕ್ಕೆ ಮಾತ್ರ,” ಎಂದು ಪುಸ್ತಕದಲ್ಲಿ ಬರೆದು, ಕೆಳಗೆ ಗೆರೆ ಎಳೆದಳು. ಗೆರೆ ಎಳೆಯುವಷ್ಟು ಜಾಣತನ ಇತ್ತು, ಅರ್ಥ ಮಾತ್ರ ಆಗ ಹೊಳೆಯಲಿಲ್ಲ.

“ಅಮರೇಶ್ವರಿ ಅಕ್ಕಾರ, ಇವನ್ನ ಹೆಮ್ಮಿಂಗ್ ಮಾಡಿದೋರು ಯಾರ್ರಿ?”

“ನಮ್ಮ ಮಂದೀನ ರಿ.”

“ಈ ನಲವತ್ತೆರಡು ಮಂದ್ಯಾಗ?”

ಅಮರೇಶ್ವರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಅಷ್ಟರಲ್ಲಿ ಕಟಿಂಗ್ ಮಾಸ್ತರ್ ಬಾಬುಸಾಬ್ ಕೆಮ್ಮಿದರು. ಮೂವತ್ತು ವರ್ಷ ಕತ್ತರಿ ಹಿಡಿದ ಮನುಷ್ಯ. ಸುಳ್ಳು ಹೇಳಬೇಕಾದಾಗಲೆಲ್ಲ ಅವರಿಗೆ ಕೆಮ್ಮು ಬರುತ್ತಿತ್ತು, ಆದ್ದರಿಂದ ಯಾವಾಗಲೂ ನಿಜವನ್ನೇ ಹೇಳಿಬಿಡುತ್ತಿದ್ದರು.

“ಮೇಡಂ, ಇದು ಇಲಿ ಕೆಲಸ ಅಲ್ರಿ. ಕೌದಿ ಹೊಲಿಯೋ ಕೈ ಇದು.”

“ಕೌದಿ?”

“ಹಳೇ ಸೀರಿ ತುಂಡು ಕೂಡಿಸಿ ಕೌದಿ ಹೊಲಿತಾರಲ್ರಿ, ಕಡೀ ಮೂಲಿ ಮುಚ್ಚೂ ಮುಂದ ಒಳಗ ಕಾಳು ಹಾಕ್ತಾರ. ಕೌದಿ ಹೊಟ್ಟಿ ಖಾಲಿ ಇದ್ರ ಹೊತ್ಕೊಂಡೋರ ಹೊಟ್ಟೀನೂ ಖಾಲಿ ಅಂತ ಅವರ ನಂಬಿಕಿ. ಮಸ್ಕ್ಯಾಗ ಯಮನೂರಮ್ಮ ಅಂತ ಅದಾಳ. ಹೊಲಿಗಿ ಟಾಕಿ ತೋರಿಸಿದ್ರ ಸಾಕು, ಯಾರ ಕೈಯಂತ ಹೇಳಿಬಿಡ್ತಾಳ.”

“ಬಾಬುಸಾಬ್,” ಎಂದಳು ಅಮರೇಶ್ವರಿ ಹಲ್ಲು ಕಚ್ಚಿ, “ನಿಮ್ಮ ಕತ್ರಿ ಬಟ್ಟಿ ಮ್ಯಾಲೆ ಆಡ್ಲಿ.”

ಭಾಗ್ಯಶ್ರೀ ಒಂದು ಹಸಿರು ಫ್ರಾಕು ಮಡಚಿ ಚೀಲಕ್ಕೆ ಹಾಕಿಕೊಂಡಳು. ಚೀಲದ ತಳದಲ್ಲಿ ಆಕೆಯ ರಬ್ಬರ್ ಮೊಹರು ಕೈಗೆ ತಾಗಿತು. ಬಟ್ಟೆಯ ಪ್ರತಿ ಥಾನನ್ನೂ ಪರೀಕ್ಷಿಸಿ, ಅದರ ಕೊನೆಯಲ್ಲಿ ಈ ದುಂಡು ಮೊಹರು ಒತ್ತಿದ ಮೇಲೆಯೇ ಬಟ್ಟೆ ಕತ್ತರಿಗೆ ಹೋಗಬೇಕು. ಹೋದ ತಿಂಗಳು ಗಂಡ ವಿರೇಶನ ಜೊತೆ ಮುದಗಲ್ ಕೋಟೆ ನೋಡಲು ಹೋದಾಗ ಚೀಲ ಮಗುಚಿ, ಮೊಹರು ಮೆಟ್ಟಿಲ ಕಲ್ಲಿಗೆ ಬಿದ್ದು ಅಂಚಿನಲ್ಲಿ ಒಂದು ಚೂರು ಹಾರಿತ್ತು. “ನಿನ್ನ ಶಿಕ್ಕಾದ್ದು ಹಾಲುಹಲ್ಲು ಬಿತ್ತು ನೋಡು,” ಎಂದು ವಿರೇಶ ಅದನ್ನು ಎತ್ತಿಕೊಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅದನ್ನು ನೆನೆದು ಈಗಲೂ ಆಕೆಗೆ ನಗು ಬಂತು. ಹೊಸದು ಮಾಡಿಸಬೇಕು ಎಂದುಕೊಂಡು ಚೀಲವನ್ನು ಮನೆಯ ಬಾಗಿಲ ಹಿಂದಿನ ಗೂಟಕ್ಕೆ ನೇತುಹಾಕಿದವಳು, ಈ ವಾರ ತಪಾಸಣೆಗೆ ಹೊರಡುವಾಗಲೇ ಇಳಿಸಿದ್ದು.

ಬಾಗಿಲವರೆಗೆ ಬಂದ ಅಮರೇಶ್ವರಿ ದನಿ ತಗ್ಗಿಸಿದಳು. “ಮೇಡಂ, ಇಲ್ಲಿ ಎಲ್ಲಾರೂ ಮನಿ ಬಿಟ್ಟು ಮೊದಲ ಸಲ ಹೊರಗ ದುಡಿಯಾಕ ಬಂದೋರು ರಿ. ಹೆಸರು ಹೊಡಿಬ್ಯಾಡ್ರಿ.”

“ಖರೆ ಏನೈತಿ ಅಂತ ನೀವು ಹೇಳಿಬಿಟ್ರ ನನಗ ಮಸ್ಕಿ ಬಸ್ಸು ಉಳಿತದ.”

ಅಮರೇಶ್ವರಿ ತಲೆ ತಗ್ಗಿಸಿ ಒಳಗೆ ಹೋದಳು. ಭಾಗ್ಯಶ್ರೀ ಬಸ್ಸು ಹತ್ತಿದಳು.

ಸಿಂಧನೂರು ದಾಟುವಾಗ ಎರಡೂ ಕಡೆ ಕಾಲುವೆ ನೀರುಂಡ ನೆಲ್ಲಿನ ಗದ್ದೆ. ಮಸ್ಕಿ ಹತ್ತಿರಾದಂತೆ ನೀರು ಹಿಂದೆ ಉಳಿದು, ಎರೆಹೊಲದಲ್ಲಿ ಬಿಳಿಜೋಳ ತೆನೆ ತೂಗುತ್ತಿತ್ತು. ಕಿಟಕಿಯ ಗಾಳಿಗೆ ಮುಖವೊಡ್ಡಿ ಕೂತ ಭಾಗ್ಯಶ್ರೀಗೆ ಎಂದಿಲ್ಲದ ಹುರುಪು. ಲೆಕ್ಕದ ಪುಸ್ತಕ, ಪಗಾರದ ಚೀಟಿ ಇವುಗಳಿಂದ ಕಳ್ಳರನ್ನು ಹಿಡಿದಿದ್ದಳು, ಜೋಳದ ಕಾಳಿನಿಂದ ಇನ್ನೂ ಹಿಡಿದಿರಲಿಲ್ಲ. ಲಿಂಗಸುಗೂರಿನ ಮನೆಯಲ್ಲಿ ಅತ್ತೆ ಕಸ್ತೂರೆಮ್ಮ ಇದನ್ನು ಕೇಳಿದರೆ ಊರಿಗೆಲ್ಲ ಡಂಗುರ ಸಾರುತ್ತಾರೆ. “ನಮ್ಮ ಸೊಸಿ ಬಟ್ಟಿ ಸಿಐಡಿ,” ಎಂದು ಹೇಳಿಕೊಂಡು ತಿರುಗುವ ಅತ್ತೆ, ಈ ಮೂರು ದಿನವೂ ಊಟಕ್ಕೆ ಬಡಿಸುತ್ತ, “ಇವತ್ತರ ಏನಾರ ಸಿಕ್ತೇನು?” ಎಂದು ಬಿಡದೆ ಕೇಳಿದ್ದರು.

ಮಸ್ಕಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಯಮನೂರಮ್ಮ ಕಟ್ಟೆಯ ಮೇಲೆ ಕೂತಿದ್ದಳು. ತೊಡೆಯ ಮೇಲೆ ಕೌದಿ, ಬಾಯಲ್ಲಿ ಎಲೆ ಅಡಿಕೆ, ಪಕ್ಕದಲ್ಲಿ ಕಾಳಿನ ಬಟ್ಟಲು. ಭಾಗ್ಯಶ್ರೀಗೆ ಚಹಾ ತರಿಸಿ, ಆಮೇಲೆ ಯಾರು ಏನು ಎಂದು ಕೇಳಿದಳು.

ಫ್ರಾಕಿನ ಅಂಚನ್ನು ಮೂಗಿನ ಹತ್ತಿರ ಹಿಡಿದು ನೋಡಿದ ಯಮನೂರಮ್ಮ ಮೊದಲು ನಕ್ಕಳು.

“ನನ್ನ ಕೈ ಅಲ್ಲ ಯವ್ವ ಇದು. ನಾ ಐದು ಕಾಳು ಹಾಕ್ತೀನಿ, ಐದಂದ್ರ ಹೊಟ್ಟಿ ತುಂಬ. ಮೂರಂದ್ರ ಅರೆಹೊಟ್ಟಿ.”

“ಅರೆಹೊಟ್ಟಿ ಯಾಕ ಹಾಕ್ತಾರ?”

“ಯಾಕಂತ ಹೊಲಿದಾಕೀನ್ನ ಕೇಳು. ಒಬ್ಬರ ಮನಸಿನ ಮಾತು ಇನ್ನೊಬ್ಬಾಕಿ ಹೇಳಬಾರದು.” ಬೆರಳಿನಿಂದ ಹೊಲಿಗೆಯನ್ನು ಸವರಿದಳು. “ಈ ಟಾಕಿ ನೋಡು, ಎಲ್ಲಾ ಎಡಕ್ಕ ವಾಲ್ಯಾವ. ಎಡಗೈಯಾಕಿ. ನಾ ಲಿಂಗಸುಗೂರಾಗ ಇದ್ದಾಗ ನನಗ ಕೌದಿ ಕಲಿಸಿದಾಕಿ. ಭಜನಿ ಮನ್ಯಾಗ ದಿನಾ ಮಧ್ಯಾಹ್ನ ಕುಂದರ್ತಾಳ.”

“ಹೆಸರೇನು ಯಕ್ಕಾ?”

“ಕಸ್ತೂರೆಮ್ಮ. ಬಟ್ಟಿ ಅಂಗಡಿ ವಿರೇಶನ ತಾಯಿ.”

ಚಹಾ ನೆತ್ತಿಗೆ ಹತ್ತಿ ಭಾಗ್ಯಶ್ರೀ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದಳು. ಯಮನೂರಮ್ಮ ಆಕೆಯ ಬೆನ್ನು ತಟ್ಟಿದಳು.

“ಗುರುತು ಅದಾಳೇನು?”

“ಸ್ವಲ್ಪ,” ಎಂದಳು ಭಾಗ್ಯಶ್ರೀ. “ನಾಲ್ಕು ವರ್ಷದಿಂದ ಒಂದ ಮನ್ಯಾಗ ಅದೀವಿ.”

ಲಿಂಗಸುಗೂರಿನ ಬಸ್ಸಿನಲ್ಲಿ ಆಕೆ ದಾರಿಯುದ್ದಕ್ಕೂ ತನ್ನಷ್ಟಕ್ಕೇ ನಗುತ್ತ, ತನ್ನನ್ನೇ ಬೈದುಕೊಂಡಳು. ದಿನಾ ಎರಡು ಗಂಟೆಗೆ ಅತ್ತೆ ಚೀಲ ಹಿಡಿದು ಭಜನೆಗೆ ಹೊರಡುತ್ತಿದ್ದರು. ಚೀಲದಲ್ಲಿ ತಾಳ ಇದೆ ಎಂದುಕೊಂಡಿದ್ದಳು. ಮೂರು ತಾಲ್ಲೂಕಿನ ಗೋದಾಮುಗಳಲ್ಲಿ ಮೂಟೆ ಬಿಚ್ಚಿಸಿ ನೋಡಿದವಳು ಅತ್ತೆಯ ಚೀಲದೊಳಗೆ ಒಮ್ಮೆಯೂ ಇಣುಕಿರಲಿಲ್ಲ.

ಭಜನೆ ಮನೆಯ ಹಾಡು ಓಣಿಯ ತಿರುವಿಗೇ ಕೇಳುತ್ತಿತ್ತು. ಭಾಗ್ಯಶ್ರೀ ಚಪ್ಪಲಿ ಬಿಟ್ಟು, ಸದ್ದಾಗದಂತೆ ಬಾಗಿಲು ತಳ್ಳಿದಳು.

ಒಳಗಿನ ನೋಟಕ್ಕೆ ಆಕೆ ಬೆರಗಾಗಿ ನಿಂತಳು. ಇಪ್ಪತ್ತು ಹೆಂಗಸರು ದುಂಡಗೆ ಕೂತಿದ್ದರು. ಎಲ್ಲರ ತೊಡೆಯ ಮೇಲೂ ಕೂಸುಗಳ ಫ್ರಾಕು, ಹಳದಿ, ಹಸಿರು. ಒಬ್ಬಾಕೆ ಹಾಡಿಗೆ ಸೊಲ್ಲು ಕೊಟ್ಟರೆ ಉಳಿದವರು ಎತ್ತಿಕೊಳ್ಳುತ್ತಿದ್ದರು. ಒಂದು ಸೊಲ್ಲಿಗೆ ಸೂಜಿ ಒಳಗೆ, ಇನ್ನೊಂದಕ್ಕೆ ಹೊರಗೆ. ನಡುವೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಎಡಗೈಯಲ್ಲಿ ಸೂಜಿ ಹಿಡಿದು ಕೂತಿದ್ದರು ಕಸ್ತೂರೆಮ್ಮ. ಎಷ್ಟೋ ಕಾರ್ಖಾನೆ ನೋಡಿದ್ದ ಭಾಗ್ಯಶ್ರೀಗೆ ಇಷ್ಟು ಖುಷಿಯಿಂದ ನಡೆಯುವ ಕೆಲಸ ಕಂಡ ನೆನಪಿರಲಿಲ್ಲ.

ಯಾರೋ ಆಕೆಯನ್ನು ಕಂಡರು. ಹಾಡು ಗಕ್ಕನೆ ನಿಂತಿತು. ಒಬ್ಬಾಕೆ ಫ್ರಾಕನ್ನು ಹಾರ್ಮೋನಿಯಂ ಕೆಳಗೆ ತುರುಕಿದಳು. ಇನ್ನೊಬ್ಬಾಕೆ ಅದರ ಮೇಲೆಯೇ ಕೂತುಬಿಟ್ಟಳು.

“ಬಾ ಯವ್ವಾ,” ಎಂದರು ಕಸ್ತೂರೆಮ್ಮ, ತಲೆಯೆತ್ತದೆ. “ಮೂರು ದಿನ ಆತು ದಾರಿ ನೋಡಾಕತ್ತಿ. ಸೊಸಿ ಸಿಐಡಿ ಅಂತ ಊರಿಗೆಲ್ಲ ಹೇಳೀನಿ, ಇನ್ನ ಮಾನ ಹೋತು ಅಂದ್ಕೊಂಡಿದ್ದೆ.”

“ಅತ್ತಿ, ನಿಮ್ಮ ಹೆಸರು ಪಟ್ಟ್ಯಾಗಿಲ್ಲ!”

“ಹಂಗಾರ ಬರ್ಕೋ. ನನ್ನೂ ಹಿಡಿದು ಇಪ್ಪತ್ತೊಂದು ಮಂದಿ. ಕೊರಳಪಟ್ಟ್ಯಾಗ ನಮ್ಮ ಹೆಸರು ಬಂದ್ರ ಆ ಪರದೇಶದ ಕೂಸಿನ ಅವ್ವ ಓದಲಿ, ನಮಗೇನು ನಾಚಿಕಿ? ಕೆಲಸ ಹೆಚ್ಚಾತು ಅಂತ ಅಮರೇಶ್ವರಿ ಕೊಟ್ಲು. ಹೇಳಿದ್ರ ನೀ ನಿಲ್ಲಿಸ್ತಿ ಅಂತ ಆಕಿ ಅಂಜಿದ್ಲು.”

ಭಾಗ್ಯಶ್ರೀಯ ಎದೆಯ ಭಾರ ಅಲ್ಲೇ ಇಳಿಯಿತು. ಇದಕ್ಕೆ ದಾರಿಯಿತ್ತು. ವರದಿ ಹೋಗುವ ಮೊದಲು ಒಡತಿಯೇ ಹೊರಗಿನ ಕೈಗಳ ಹೆಸರು ಬರೆದುಕೊಟ್ಟರೆ ಘಟಕ ಉಳಿಯುತ್ತದೆ. ತನ್ನ ಅತ್ತೆಯೇ ಅದರಲ್ಲಿದ್ದಾರೆ ಎಂದು ತಾನೂ ಬರೆದು, ಇನ್ನೊಬ್ಬರಿಂದ ಪರೀಕ್ಷೆ ಮಾಡಿಸಿದರಾಯಿತು. ನಲವತ್ತೆರಡು ಮಂದಿಯ ಜೊತೆಗೆ ಈ ಇಪ್ಪತ್ತೊಂದು ಮಂದಿಗೂ ಕೆಲಸ. ಆಕೆಗೆ ಅತ್ತೆಯನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು, ಅಪ್ಪಿಕೊಂಡೂ ಬಿಟ್ಟಳು.

“ಸಿಕ್ಕಿಬಿದ್ದಿದ್ದು ಮಾತ್ರ ರೂಢಿಯಿಂದ ಅತ್ತಿ! ಫ್ರಾಕಿಗೂ ಕೌದಿ ಹಂಗ ಕಾಳು ಹಾಕಿಬಿಟ್ಟೀರಿ.”

ಕಸ್ತೂರೆಮ್ಮ ನಗಲಿಲ್ಲ. ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಎದ್ದರು.

“ನೀವು ಹಾಡ್ರೆವ್ವ,” ಎಂದರು ಉಳಿದವರಿಗೆ. “ಜೋರ ಹಾಡ್ರಿ.”

ಹಾಡು ಮತ್ತೆ ಎದ್ದಿತು. ಅತ್ತೆ ಸೊಸೆಯ ಕೈ ಹಿಡಿದು ಒಳಗಿನ ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲನ್ನು ಅರ್ಧ ಮುಂದೆ ಮಾಡಿದರು.

“ಐವತ್ತು ವರ್ಷ ಹೊಲಿದೀನಿ. ಕೌದಿ ಯಾವ್ದು, ಫ್ರಾಕ್ ಯಾವ್ದು ನನಗ ತಿಳಿಯಂಗಿಲ್ಲೇನು? ರೂಢಿಲೆ ಹಾಕಿದ್ದಲ್ಲ ಅದು. ನಿನಗ ಬರೆದ ಕಾಗದ.”

“ನನಗ?”

“ಕೌದಿ ಒಳಗ ಖೋಟಾ ಬಟ್ಟಿ ಸೇರಿದ್ರ ನಮ್ಮವ್ವ ಮೂರು ಕಾಳು ಹಾಕ್ತಿದ್ಲು. ಕೂಸಿಗೆ ಹೊದಿಸಬ್ಯಾಡ ಅಂತ ಗುರುತು.”

ಅವರು ಗೂಡಿನಿಂದ ಕಡ್ಡಿಪೆಟ್ಟಿಗೆ ತೆಗೆದು, ಅಲ್ಲಿದ್ದ ಹಳದಿ ಫ್ರಾಕಿನಿಂದ ಒಂದು ಎಳೆ ಎಳೆದು ಬೆಂಕಿ ಹಿಡಿಸಿದರು. ಕಾಗದ ಸುಟ್ಟ ವಾಸನೆ ಬಂತು. ಎಳೆ ಬೂದಿಯಾಗಿ ಉದುರಿತು. ಆಮೇಲೆ ಸೊಸೆಯ ಚೀಲದಲ್ಲಿದ್ದ, ಕಾಳು ಸಿಕ್ಕ ಫ್ರಾಕಿನಿಂದ ಹಸಿರು ಎಳೆ ಎಳೆದರು. ಅದು ಉರಿಯಲಿಲ್ಲ. ಮುದುಡಿ, ಕರಗಿ, ಕಪ್ಪು ಮಣಿಯಾಗಿ ಗಟ್ಟಿಯಾಯಿತು. ಆರಿದ ಮೇಲೆ ಆ ಮಣಿಯನ್ನು ಸೊಸೆಯ ಅಂಗೈಗೆ ಹಾಕಿದರು.

“ಹತ್ತಿ ಅಲ್ಲ ಇದು. ಪ್ಲಾಸ್ಟಿಕ್ ನೂಲು. ಸೂಜಿ ಇಳಿಯೂ ಮುಂದನ ಕೈಗೆ ತಿಳೀತು.”

“ಹೆಂಗ ಸಾಧ್ಯ ಅತ್ತಿ? ಹಸಿರು ಥಾನಿನ ಎಳಿ ನಾನ ಸುಟ್ಟು ನೋಡೀನಿ. ಮೂರು ತಿಂಗಳ ಹಿಂದ, ಮಸ್ಕ್ಯಾಗ. ಆರು ಥಾನು. ಆರಕ್ಕೂ ನಾನ ಶಿಕ್ಕಾ ಒತ್ತೀನಿ.”

“ಆರೇ?”

“ಆರೇ.”

ಕಸ್ತೂರೆಮ್ಮ ಮೂಲೆಯಿಂದ ಅರ್ಧ ಹೊಲಿದ ಕೌದಿಯೊಂದನ್ನು ಎಳೆದು ಹಾಸಿದರು. ಮೊಹರು ಒತ್ತಿದ ಥಾನಿನ ಕೊನೆ ಫ್ರಾಕಿಗೆ ಬರುವುದಿಲ್ಲ. ಬಿಸಾಡಲು ಮನಸ್ಸಾಗದೆ ಬಾಬುಸಾಬ್ ಆ ತುಂಡುಗಳನ್ನೂ ಫ್ರಾಕಿನ ಗಂಟಿನಲ್ಲಿ ಇಲ್ಲಿಗೆ ಕಳಿಸುತ್ತಿದ್ದರು. ಕೌದಿಯ ನಡುವೆ ಹಸಿರು ತುಂಡುಗಳು ಎರಡು ಸಾಲಾಗಿ ಕೂತಿದ್ದವು, ಪ್ರತಿಯೊಂದರ ಮೇಲೂ ಭಾಗ್ಯಶ್ರೀಯ ದುಂಡು ಮೊಹರು.

ಆಕೆ ಬೆರಳಿಟ್ಟು ಎಣಿಸಿದಳು. ಹತ್ತು.

“ಯಾರೋ ನನ್ನ ಶಿಕ್ಕಾದಂಥದ್ದ ಇನ್ನೊಂದು ಮಾಡಿಸ್ಯಾರ,” ಎಂದಳು.

“ಕನ್ನಡಕ ಹಾಕ್ಕೊಂಡ ನಾನ ನೋಡೀನಿ. ನೀ ಬರೀ ಕಣ್ಣಿಲೆ ನೋಡು.”

ಭಾಗ್ಯಶ್ರೀ ಬಾಗಿ ನೋಡಿದಳು. ಮೇಲಿನ ಸಾಲಿನ ಆರು ಮೊಹರು ಪೂರ್ತಿ ದುಂಡಗಿದ್ದವು. ಕೆಳಗಿನ ನಾಲ್ಕರ ಅಂಚಿನಲ್ಲಿ ಒಂದೇ ಜಾಗದಲ್ಲಿ ಒಂದು ಚೂರು ಇರಲಿಲ್ಲ. ಬಿದ್ದುಹೋದ ಹಾಲುಹಲ್ಲು.

ಬೇರೆ ಮೊಹರಲ್ಲ, ಇದೇ ಮೊಹರು. ಮುದಗಲ್‌ನಿಂದ ಬಂದ ಮೇಲೆ ಒತ್ತಿದ್ದು. ಆಗಿನಿಂದ ಈ ವಾರದವರೆಗೆ ಆ ಚೀಲ ಮನೆಯ ಗೂಟ ಬಿಟ್ಟು ಬೇರೆಲ್ಲೂ ಹೋಗಿರಲಿಲ್ಲ.

“ಮನ್ಯಾಗ ಇರೋರು ಮೂರು ಮಂದಿ, ಭಾಗ್ಯಾ.” ಕಸ್ತೂರೆಮ್ಮ ಕೌದಿಯ ಅಂಚು ಸವರಿದರು. “ನೀ ಒತ್ತಿಲ್ಲ. ನಾ ಒತ್ತಿಲ್ಲ. ಹಡದಾಕಿ ನಾ, ಬಾಯಿಲೆ ಹೆಂಗ ಹೇಳಲಿ? ಅದಕ್ಕ ಕಾಳು ಹಾಕಿದೆ.”

ಭಾಗ್ಯಶ್ರೀ ಅತ್ತೆಯ ಕೈಯನ್ನು ಬಿಗಿಯಾಗಿ ಹಿಡಿದಳು. ಶನಿವಾರದ ವರದಿಯಲ್ಲಿ ಈ ನಾಲ್ಕು ಮೊಹರಿನ ಮಾತು ಬರೆದರೆ, ಅಗ್ಗದ ಬಟ್ಟೆಗೆ ಅವನ್ನು ಒತ್ತಿದ ಗಂಡನ ಮೇಲೆ ತಪ್ಪು ಬರುತ್ತದೆ. ಬರೆಯದಿದ್ದರೆ ಆ ಪ್ಲಾಸ್ಟಿಕ್ಕು ಎಳೆಗೂಸುಗಳ ಮೈಮೇಲೆ ಹೋಗುತ್ತದೆ, ಅದು ಹೊರಬಿದ್ದ ದಿನ ಏನೂ ಅರಿಯದ ಅರವತ್ಮೂರು ಹೆಂಗಸರ ಕೆಲಸವೂ ಹೋಗುತ್ತದೆ.

ಹೊರಗೆ ಬೈಕಿನ ಹಾರ್ನ್ ಎರಡು ಸಲ ಕೂಗಿತು. ಹಾಡು ನಿಂತು, ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಆ ನಗು ಎಬ್ಬಿಸುವವನು ಲಿಂಗಸುಗೂರಿನಲ್ಲಿ ಒಬ್ಬನೇ ಇದ್ದ.

“ಅವ್ವಾ! ಭಾಗ್ಯಾನೂ ಇಲ್ಲೇ ಅದಾಳಲ್ಲ, ಚಪ್ಪಲಿ ಕಂಡೆ. ಬಿಸಿ ಮಿರ್ಚಿ ತಂದೀನಿ, ಆರೂದ್ರಾಗ ಬರ್ರಿ!”

ಕಸ್ತೂರೆಮ್ಮ ಗಡಬಡಿಸಿ ಕೌದಿ ಮಡಚಲು ಬಗ್ಗಿದರು. ಅಷ್ಟರಲ್ಲಿ ಬಾಗಿಲು ತೆರೆಯಿತು. ಕೈಯಲ್ಲಿ ಎಣ್ಣೆ ಜಿಡ್ಡಿನ ಪೊಟ್ಟಣ ಹಿಡಿದು, ಎಂದಿನ ನಗುಮುಖದಲ್ಲೇ ನಿಂತಿದ್ದ ವಿರೇಶ. ಅವನ ಕಣ್ಣು ತಾಯಿಯ ಮೇಲೆ ಬಿತ್ತು, ಹೆಂಡತಿಯ ಅಂಗೈಯಲ್ಲಿದ್ದ ಕಪ್ಪು ಮಣಿಯ ಮೇಲೆ ಬಿತ್ತು, ಕೊನೆಗೆ ಕೌದಿಯ ಎರಡು ಹಸಿರು ಸಾಲುಗಳ ಮೇಲೆ ನಿಂತಿತು. ತುಟಿಯಲ್ಲೇ ಎಣಿಸಿದ. ನಗು ಮಾಸಿತು.

ಪೊಟ್ಟಣವನ್ನು ಮೆಲ್ಲಗೆ ಕಿಟಕಿಯಲ್ಲಿಟ್ಟು, ಬಾಗಿಲ ಚಿಲಕ ಹಾಕಿದ.

“ಹತ್ತ ಅದಾವಲ್ಲವ್ವ,” ಎಂದ. “ಹದಿನಾಲ್ಕು ಇರಬೇಕಿತ್ತು, ನಾ ಒತ್ತಿದ್ದ ಎಂಟು. ಉಳಿದ ನಾಲ್ಕು ಎಲ್ಲಿ?”